ನಂಗು ಗಾಳಕ್ಕೆ ಯಾಕೆ ಸಿಗುತ್ತಿಲ್ಲ? ಘಟ್ಟದ ಮೇಲಿನವರಿಗೊಂದು ದೋಷ ನಿವಾರಣೆ ಕೈಪಿಡಿ

ಮಲೆನಾಡಿನ ಸಾಗರ ತಾಲ್ಲೂಕಿನ ಕಡೆ ಹುಟ್ಟಿ ಬೆಳೆದ ನಮಗೆ ಮೀನು ಹಿಡಿಯುವುದು ಅಂದರೆ ಬಿದಿರು ಕೋಲು, ಬೆಂಡು, ಅಡಿಕೆ ತೋಟದಿಂದ ಕೆದಕಿ ತಂದ ಎರೆಹುಳ. ಮುಂಗಾರಿನ ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಮೀನು, ಬೇಸಿಗೆಯಲ್ಲಿ ಕೆರೆಯ ಕೊರವ. ಹಾಗಾಗಿ ಮೊದಲ ಸಲ ಗೇರುಸೊಪ್ಪೆ ಘಾಟಿ ಇಳಿದು ನಂಗು, ಅಂದರೆ ತಳದ ಮರಳಲ್ಲಿ ಮಲಗುವ ಚಪ್ಪಟೆ ಮೀನು ಹಿಡಿಯಲು, ಹೊನ್ನಾವರದ ಹತ್ತಿರ ಹೊಳೆ ಕಡಲು ಸೇರುವ ಅಳಿವೆಯ ಮರಳಿನಲ್ಲಿ ನಿಂತಾಗ, ಮೀನು ಎಲ್ಲಿದ್ದರೂ ಮೀನೇ ಅಲ್ವಾ ಅಂದುಕೊಂಡಿದ್ದೆ. ಬೆಳಗ್ಗೆ ಆರರಿಂದ ಒಂಬತ್ತರ ಒಳಗೆ ಹನ್ನೊಂದು ಸಲ ಎಳೆತ ಬಂತು. ಒಂದು ಮೀನೂ ದಡಕ್ಕೆ ಬರಲಿಲ್ಲ.

ಗಾಳ ಸರಿ ಇಲ್ಲ ಅಂತ ಗಾಳ ಬದಲಾಯಿಸಿದೆ. ಜಾಗ ಸರಿ ಇಲ್ಲ ಅಂತ ಐವತ್ತು ಹೆಜ್ಜೆ ಆಚೆ ಹೋದೆ. ಅದರ ಜೊತೆಗೇ ಮೇವನ್ನೂ ಬದಲಾಯಿಸಿದೆ. ದೋಷ ಹುಡುಕುವುದರಲ್ಲಿ ನಾವು ಮಾಡುವ ಮೊದಲ ತಪ್ಪು ಇದೇ. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ. ಕೊನೆಗೆ ಬೇಜಾರಾಗಿ ಬೈಕಿನ ಸೀಟಿನ ಮೇಲೆ ಇಡೀ ಜೋಡಣೆ ಬಿಚ್ಚಿ ಹರಡಿದೆ. ಆಗ ಕಂಡಿತು. ದಾರದ ಮೇಲೆ ಸಲೀಸಾಗಿ ಓಡಾಡಬೇಕಿದ್ದ ಸೀಸದ ಗುಂಡು ಓಡಾಡುತ್ತಲೇ ಇರಲಿಲ್ಲ. ಅದರ ತೂತಿನೊಳಗೆ, ದಾರ ತಿರುಚಿಕೊಳ್ಳದಂತೆ ಹಾಕುವ ಪುಟ್ಟ ತಿರುಗುಕೊಂಡಿಯಾದ ಸ್ವಿವೆಲ್‌ನ ಗಂಟು ಹೋಗಿ ಬಿರಡೆ ಹಾಕಿದ ಹಾಗೆ ಕೂತಿತ್ತು. ಮೀನು ಮೇವು ಕಚ್ಚಿ ಎಳೆದಾಗಲೆಲ್ಲ ಹತ್ತು ಗ್ರಾಂ ಸೀಸವನ್ನೂ ಎಳೆಯಬೇಕಾಗಿತ್ತು. ಭಾರ ತಿಳಿದ ಕೂಡಲೇ ಉಗಿದು ಹೋಗುತ್ತಿತ್ತು.

ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೀನು ಸಿಗದಿದ್ದರೆ ಗಾಳದ ತುದಿಯಿಂದ ಶುರು ಮಾಡಿ ಹಿಂದಕ್ಕೆ ಬರುವುದು. ಗಾಳ, ಮೇವು, ಲೀಡರ್ (ಗಾಳ ಕಟ್ಟುವ ಕೊನೆಯ ತುಂಡು ದಾರ), ಸ್ವಿವೆಲ್, ಗುಂಡು, ದಾರ, ರೀಲ್, ಆಮೇಲೆ ಕೈ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದಕ್ಕೆ ಕನಿಷ್ಠ ಹತ್ತು ಎಸೆತ. ಕೈಯನ್ನು ಕೊನೆಗೆ ಬರೆದಿದ್ದೇನೆ. ಆದರೆ ನಮ್ಮಂಥವರಲ್ಲಿ ಅರ್ಧಕ್ಕರ್ಧ ದೋಷ ಇರುವುದು ಅಲ್ಲೇ.

ಸರಿಯಾದ ಜೋಡಣೆ ಹೇಗಿರಬೇಕು

ಕೆಟ್ಟದ್ದನ್ನು ಗುರುತಿಸಬೇಕಾದರೆ ಸರಿಯಿರುವುದು ಗೊತ್ತಿರಬೇಕು. ನನ್ನದು ಏಳು ಅಡಿಯ ತೆಳು ರಾಡ್, 2500 ಗಾತ್ರದ ಸ್ಪಿನ್ನಿಂಗ್ ರೀಲ್, 10 ಪೌಂಡ್ ಬ್ರೇಡ್, ಅಂದರೆ ಸಣ್ಣ ಎಳೆಗಳನ್ನು ಹೆಣೆದ ದಾರ. ಬ್ರೇಡ್ ತುದಿಗೆ ಮೂರು ಅಡಿ ನೈಲಾನ್ ದಾರ. ಗುಂಡು ಓಡಾಡುವುದು ಈ ನೈಲಾನ್ ಮೇಲೆ. ಬ್ರೇಡ್ ಮೇಲೆ ಬಿಟ್ಟರೆ ಮರಳು ಸೇರಿಕೊಂಡು ದಾರ ಹಿಂಜಿದ ಹತ್ತಿಯಂತಾಗುತ್ತದೆ. ಗುಂಡು 7ರಿಂದ 15 ಗ್ರಾಂ. ಅದರ ಕೆಳಗೆ ಒಂದು ಮಣಿ, ಮಣಿಯ ಕೆಳಗೆ ಸ್ವಿವೆಲ್, ಅಲ್ಲಿಂದ ಎರಡು ಅಡಿ ಫ್ಲೋರೋಕಾರ್ಬನ್ ಲೀಡರ್, ತುದಿಯಲ್ಲಿ ಉದ್ದ ಕಾಲಿನ ಗಾಳ. ಅಷ್ಟೇ. ಇದಕ್ಕಿಂತ ಜಾಸ್ತಿ ಥಳಕು ಬೇಡ. ಅಂಗಡಿಯಲ್ಲಿ ಹೊಳೆಯುವ ತಗಡು, ಬಣ್ಣದ ಮಣಿಸರ ಎಲ್ಲ ತೋರಿಸುತ್ತಾರೆ. ಒಂದೆರಡು ಕೆಂಪು ಮಣಿ ಗಾಳದ ಮೇಲೆ ಇದ್ದರೆ ತಪ್ಪಿಲ್ಲ. ಆದರೆ ಮೊದಲು ಬರೀ ಜೋಡಣೆ ಕೆಲಸ ಮಾಡಲಿ.

ಆ ಮಣಿ ಮಾತ್ರ ಅಲಂಕಾರಕ್ಕಲ್ಲ. ನನ್ನ ಹನ್ನೊಂದು ಮೀನು ತಪ್ಪಿಸಿದ್ದು ಅದೇ ಇಲ್ಲದ ಜಾಗ. ಗುಂಡಿನ ತೂತಿಗಿಂತ ದೊಡ್ಡದಾದ ಯಾವ ಮಣಿಯಾದರೂ ಆದೀತು. ನಾನು ಮಗಳ ಹರಿದ ಪ್ಲಾಸ್ಟಿಕ್ ಸರದಿಂದ ತೆಗೆದುಕೊಂಡೆ.

ಹೊರಡುವ ಹಿಂದಿನ ದಿನ ಮನೆಯಲ್ಲೇ ಪರೀಕ್ಷೆ ಮಾಡಿ. ಅಡಿಕೆ ಒಣಗಿಸುವ ಅಂಗಳದಲ್ಲಿ ಜೋಡಣೆಯನ್ನು ಉದ್ದಕ್ಕೆ ಚಾಚಿ. ಗುಂಡನ್ನು ಕಾಲ್ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದು ಗಾಳದ ತುದಿಯನ್ನು ಎರಡು ಬೆರಳಲ್ಲಿ ಎಳೆಯಿರಿ. ದಾರ ಎಣ್ಣೆ ಹಚ್ಚಿದ ಹಾಗೆ ಜಾರಬೇಕು. ಗುಂಡು ಸ್ವಲ್ಪ ಅಲುಗಿದರೂ ಅಲ್ಲೇ ನಿಲ್ಲಿಸಿ. ತೂತಿನಲ್ಲಿ ಹೋದ ಸಲದ ಮರಳು ಇದ್ದೀತು, ಅಥವಾ ತೂತಿನ ಅಂಚಿನಲ್ಲಿ ಸೀಸದ ಚೂರು ಎದ್ದಿರಬಹುದು. ಹಿಡಿಸೂಡಿಯ ಕಡ್ಡಿ ತೂರಿಸಿ ತಿರುಗಿಸಿದರೆ ಮರಳು ಉದುರುತ್ತದೆ.

ಎಳೆತ ಬರುತ್ತದೆ, ಮೀನು ಬರುವುದಿಲ್ಲ

ಗುಂಡು ಜಾರುತ್ತಿದೆ, ಆದರೂ ತಪ್ಪುತ್ತಿದೆ ಅಂದರೆ ಮುಂದಿನ ಅನುಮಾನ ಗಾಳದ ಗಾತ್ರದ ಮೇಲೆ.

ಇಲ್ಲಿ ಮೀನಿನ ಬಾಯಿ ಗೊತ್ತಿರಬೇಕು. ಚಪ್ಪಟೆ ಮೀನು ಅಂದರೆ ಒಂದೇ ಜಾತಿ ಅಲ್ಲ. ಪೇಟೆಯಲ್ಲಿ ರಾಶಿ ಹಾಕಿ ಮಾರುವ, ಗೇಣುದ್ದವೂ ಇಲ್ಲದ, ನಾಲಿಗೆ ಆಕಾರದ್ದೇ ನಂಗು. ಕೊಂಕಣಿಯವರಿಗೆ ಅದು ಲೆಪ್ಪೊ. ಅದರ ಬಾಯಿ ಮೂತಿಯ ಕೆಳಗೆ ಕೊಕ್ಕೆಯ ಹಾಗೆ ಬಾಗಿರುತ್ತದೆ, ತೀರಾ ಸಣ್ಣದು. ನಿಜ ಹೇಳಬೇಕೆಂದರೆ ಅದು ಬಲೆಯ ಮೀನು. ಗಾಳಕ್ಕೆ ಬೇಕೆಂದರೆ 8 ಅಥವಾ 10ನೇ ನಂಬರಿನ ಗಾಳ, ತುದಿಗೆ ಚೂರೇ ಚೂರು ಮೇವು ಬೇಕು. ಅಗಲ ಮೈಯ ಫ್ಲೌಂಡರ್ ಜಾತಿಯವು ಬೇರೆ. ಅವಕ್ಕೆ ದೊಡ್ಡ ಬಾಯಿ, ಚೂಪು ಹಲ್ಲು. ಮರಳಲ್ಲಿ ಅಡಗಿ ಕೂತು ಸಿಗಡಿ, ಮರಿಮೀನು ಹಾದರೆ ಎಗರುತ್ತವೆ. ಅವಕ್ಕೆ 4, 2 ಅಥವಾ 1ನೇ ನಂಬರ್ ಸರಿ. ಹೊಸಬರು ಎಡವುವುದು ಈ ಲೆಕ್ಕದಲ್ಲಿ. ನಂಬರ್ ಜಾಸ್ತಿ ಆದಷ್ಟೂ ಗಾಳ ಸಣ್ಣದು. 1/0, 2/0 ಅಂತ ಮುಂದೆ ಸೊನ್ನೆ ಬಂದರೆ ಲೆಕ್ಕ ತಿರುಗಾಮುರುಗಾ. ನಾನು ಕೊರವಕ್ಕೆ ಇಟ್ಟಿದ್ದ 2/0 ಗಾಳವನ್ನೇ ಸಮುದ್ರಕ್ಕೂ ಒಯ್ದಿದ್ದೆ. ನಂಗಿನ ಬಾಯಿಗೆ ಅದು ನೇಗಿಲು.

ಚೂಪು ನೋಡಲು ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿ ಎಳೆಯಿರಿ. ಕಚ್ಚಿಕೊಂಡು ನಿಂತರೆ ಸರಿ. ಜಾರಿದರೆ ಮೊಂಡು. ಮರಳ ಮೇಲೆ ಎಳೆಯುವ ಗಾಳ ಒಂದೇ ಬೆಳಗ್ಗೆಯಲ್ಲಿ ಮೊಂಡಾಗುತ್ತದೆ. ಹಾಗಾಗಿ ಗಂಟೆಗೊಮ್ಮೆ ನೋಡಬೇಕು.

ಇನ್ನು ಕೈ. ಕೆರೆಯಲ್ಲಿ ಬೆಂಡು ಮುಳುಗಿದ ತಕ್ಷಣ ಎತ್ತುವುದು ನಮಗೆ ರಕ್ತದಲ್ಲೇ ಬಂದಿದೆ. ಚಪ್ಪಟೆ ಮೀನಿಗೆ ಅದು ನಡೆಯುವುದಿಲ್ಲ. ಅದು ಮೊದಲು ಮೇವಿನ ತುದಿ ಹಿಡಿದುಕೊಂಡು ನೆಲಕ್ಕೆ ಒತ್ತುತ್ತದೆ, ಆಮೇಲೆ ನಿಧಾನ ಒಳಗೆ ತೆಗೆದುಕೊಳ್ಳುತ್ತದೆ. ಮೊದಲ 'ಟಕ್ ಟಕ್'ಗೆ ಎತ್ತಿದರೆ ಬಾಯಿಂದ ಕಿತ್ತುಕೊಂಡ ಹಾಗೆ. ರಾಡ್ ತುದಿಯನ್ನು ಮೀನಿನ ಕಡೆಗೆ ಬಗ್ಗಿಸಿ ಒಂದು ಮೊಳ ದಾರ ಸಡಿಲ ಕೊಡಿ. ಮನಸ್ಸಿನಲ್ಲೇ ಐದು ಎಣಿಸಿ. ಆಮೇಲೆ ಮೆಲ್ಲಗೆ ಬಿಗಿ ಮಾಡಿ. ಒದ್ದೆ ಗೋಣಿಚೀಲ ಸಿಕ್ಕಿಕೊಂಡ ಹಾಗೆ ಭಾರ ಅನ್ನಿಸಿದರೆ ಮೀನು ಇದೆ. ಆಗ ಜಗ್ಗಬೇಡಿ, ರಾಡನ್ನು ಪಕ್ಕಕ್ಕೆ ಸರಿಸಿ ಸುತ್ತುತ್ತಾ ಬನ್ನಿ. ಐದು ಎಣಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ನನಗೆ ಇವತ್ತಿಗೂ ಮೂರಕ್ಕೆ ಕೈ ತುರಿಸುತ್ತದೆ.

ಏನೂ ಮುಟ್ಟುತ್ತಲೇ ಇಲ್ಲ

ಇದು ಜೋಡಣೆಯ ದೋಷ ಆಗಿರುವುದು ಕಡಿಮೆ. ಜಾಗ ಇಲ್ಲವೇ ಹೊತ್ತು.

ನಮ್ಮ ಕಡೆಯಿಂದ ಹೋಗುವವರು ಮೊದಲು ನಿಲ್ಲುವುದು ಶರಾವತಿ ಅಳಿವೆಯಲ್ಲೇ. ತಾಳಗುಪ್ಪ, ಮಾವಿನಗುಂಡಿ, ಗೇರುಸೊಪ್ಪೆ ದಾಟಿದರೆ ಹೊಳೆ ಪಕ್ಕದಲ್ಲೇ ಬರುತ್ತದೆ. ಆದರೆ ಈ ಹೊಳೆಗೆ ಒಂದು ವಿಶೇಷ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಬರುವ ನೀರನ್ನು 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಹಿಡಿದಿಟ್ಟುಕೊಂಡಿದೆ. ಕರೆಂಟ್ ತಯಾರಾದಾಗಲೆಲ್ಲ ಆ ನೀರು ಗೇರುಸೊಪ್ಪೆ ಕಡೆಯಿಂದ ಕೆಳಗೆ ಬರುತ್ತದೆ. ಬೇರೆ ಹೊಳೆಗಳಲ್ಲಿ ಬೇಸಿಗೆ ಬಂತೆಂದರೆ ಸಿಹಿನೀರು ಕಡಿಮೆಯಾಗಿ ಉಪ್ಪು ಮೇಲಕ್ಕೆ ಏರುತ್ತದೆ. ಇಲ್ಲಿ ಬೇಸಿಗೆಯಲ್ಲೂ ಸಿಹಿನೀರು ಬರುತ್ತಲೇ ಇರುತ್ತದೆ. ಅಣೆಕಟ್ಟು ಇಲ್ಲದ ಪಕ್ಕದ ಅಘನಾಶಿನಿಯ ಅಳಿವೆಗೂ ಇದಕ್ಕೂ ಉಪ್ಪಿನಲ್ಲಿ ಬಹಳ ವ್ಯತ್ಯಾಸ. ಉಪ್ಪುನೀರಿನ ಮೀನು ಆ ಸಿಹಿನೀರಲ್ಲಿ ಯಾಕೆ ನಿಲ್ಲುತ್ತದೆ? ನಾವು ಊರಲ್ಲಿ ಫ್ಯಾನ್ ಹಾಕಿಕೊಂಡು, ಅದೇ ನೀರಿಗೆ ಬಂದು ಗಾಳ ಹಾಕಿ ಮೀನಿಲ್ಲ ಅಂತ ಗೊಣಗುತ್ತೇವೆ.

ಪರೀಕ್ಷೆ ಸುಲಭ. ನೀರನ್ನು ತುಟಿಗೆ ಮುಟ್ಟಿಸಿ ಉಗಿಯಿರಿ. ಆದರೆ ಅಷ್ಟಕ್ಕೇ ತೀರ್ಮಾನ ಬೇಡ. ಸಿಹಿನೀರು ಹಗುರ, ಮೇಲೆ ತೇಲುತ್ತದೆ. ಉಪ್ಪುನೀರು ತಳದಲ್ಲಿ ನುಸುಳಿ ಬಂದಿರುತ್ತದೆ. ನಿಮ್ಮ ಮೀನು ಇರುವುದು ತಳದಲ್ಲಿ. ಹಾಗಾಗಿ ಮೇಲಿನ ನೀರು ಸಪ್ಪೆ ಅಂದ ಮಾತ್ರಕ್ಕೆ ಮೀನಿಲ್ಲ ಅನ್ನಬೇಡಿ. ನೀರೂ ಸಪ್ಪೆ, ತಳದಲ್ಲೂ ಏನೂ ಮುಟ್ಟುತ್ತಿಲ್ಲ ಅಂದರೆ ಸಮುದ್ರದ ಬಾಯಿ ಕಡೆಗೆ ಸರಿಯಿರಿ, ಇಲ್ಲವೇ ಬೇರೆ ಅಳಿವೆ ನೋಡಿ.

ಹೊತ್ತಿನ ವಿಷಯಕ್ಕೆ ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. ಉಬ್ಬರಕ್ಕೆ ಕರಾವಳಿಯವರು ಭರತ ಅನ್ನುತ್ತಾರೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಂದೆ ಬೀಳುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಸುತ್ತಮುತ್ತ ನೀರಿನ ಏರಿಳಿತ ದೊಡ್ಡದು, ಸೆಳೆತ ಜೋರು. ಅಷ್ಟಮಿ ಹೊತ್ತಿಗೆ ಸಪ್ಪಗಿರುತ್ತದೆ. ನನಗೆ ಹಿಡಿಸಿದ್ದು ಇಳಿತ ಶುರುವಾದ ಮೊದಲ ಎರಡು ಗಂಟೆ. ಮರಳು ದಿಬ್ಬದ ಮೇಲಿನ ತೆಳು ನೀರು ಆಳದ ಕಾಲುವೆಗೆ ಇಳಿಯುವ ಅಂಚು ಇರುತ್ತದಲ್ಲ, ಅಲ್ಲೇ ಮರಿಸಿಗಡಿ ಕೊಚ್ಚಿಕೊಂಡು ಬರುತ್ತವೆ. ಚಪ್ಪಟೆ ಮೀನು ಆ ಅಂಚಿನ ಕೆಳಗೆ ಮಲಗಿರುತ್ತದೆ. ನಮ್ಮವರು ಸೊಂಟದವರೆಗೆ ನೀರಿಗಿಳಿದು ದೂರ ದೂರ ಎಸೆಯುತ್ತಾರೆ. ಮೀನು ಮೊಣಕಾಲುದ್ದ ನೀರಲ್ಲಿ ಅವರ ಬೆನ್ನ ಹಿಂದೆ ಇರುತ್ತದೆ.

ನೀರಿಗೆ ಇಳಿಯುವುದಾದರೆ ಕಾಲು ಎತ್ತಿ ಇಡಬೇಡಿ, ಮರಳಲ್ಲಿ ಉಜ್ಜುತ್ತಾ ಸರಿಯಿರಿ. ಅದೇ ಮರಳಲ್ಲಿ ತೊರಕೆಯೂ (ಸ್ಟಿಂಗ್ ರೇ) ಮಲಗಿರುತ್ತದೆ. ಕಾಲು ಉಜ್ಜಿದರೆ ಅದು ತಾನೇ ಸರಿದು ಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿನೀರಲ್ಲಿ ಕಾಲಿಟ್ಟುಕೊಂಡು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಜೂನ್, ಜುಲೈನಲ್ಲಿ ಈ ಕಡೆ ಯೋಚನೆಯೇ ಬೇಡ. ಯಾಂತ್ರಿಕ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವ ಕಾಲ ಅದು. ಕಡಲು ನಮ್ಮ ಮಾತು ಕೇಳುವುದಿಲ್ಲ.

ಗುಂಡಿನ ತೂಕವನ್ನೂ ಇಲ್ಲೇ ನೋಡಿ. ರಾಡ್ ತುದಿ ಒಂದೇ ಲಯದಲ್ಲಿ ತಲೆಯಾಡಿಸುತ್ತಾ ದಾರ ಬೇಗ ಬೇಗ ಪಕ್ಕಕ್ಕೆ ಹೋದರೆ ಗುಂಡು ಉರುಳುತ್ತಿದೆ. ಐದು ಗ್ರಾಂ ಹೆಚ್ಚಿಸಿ. ಎಷ್ಟು ಹೊತ್ತಾದರೂ ಅಲುಗದೆ, ಎಳೆದಾಗ ಕೆಸರು ಮೆತ್ತಿಕೊಂಡು ಬಂದರೆ ಹೂತು ಹೋಗಿದೆ. ಇಳಿಸಿ. ಸೆಳೆತಕ್ಕೆ ಗುಂಡು ಆಗಾಗ ಒಂದು ಚೂರು ಜಾರಿ ಮತ್ತೆ ನಿಲ್ಲಬೇಕು. ಜಾರಿದಾಗ ಏಳುವ ಮರಳಿನ ಪುಟ್ಟ ಮೋಡ ನೋಡಿಯೇ ಮೀನು ಬರುವುದು. ಅದರ ಎರಡೂ ಕಣ್ಣು ಮೇಲಿನ ಮಗ್ಗುಲಲ್ಲಿವೆ, ಮೇಲಕ್ಕೇ ನೋಡುತ್ತಿರುತ್ತದೆ.

ಮೇವು ಮಾಯ

ಗಾಳ ಬರೀ ಬರುತ್ತಿದೆ, ಎಳೆತವೂ ತಿಳಿಯಲಿಲ್ಲ ಅಂದರೆ ಎರಡು ಕಾರಣ. ಎಸೆಯುವಾಗಲೇ ಗಾಳಿಯಲ್ಲಿ ಹಾರಿ ಹೋಗಿದೆ, ಇಲ್ಲವೇ ಏಡಿ ತಿಂದಿದೆ.

ಮೊದಲನೆಯದಕ್ಕೆ ಎಸೆದ ಕೂಡಲೇ ಒಮ್ಮೆ ಸುತ್ತಿ ತಂದು ನೋಡಿ. ಆಗಲೇ ಖಾಲಿ ಇದ್ದರೆ ಮೇವು ಮೆತ್ತಗಾಗಿದೆ. ಊರಿಂದ ಐಸಿನಲ್ಲಿ ಸಿಗಡಿ ತಂದರೆ ಘಾಟಿ ಇಳಿಯುವಷ್ಟರಲ್ಲಿ ಐಸ್ ಕರಗಿ, ಸಿಗಡಿ ಆ ನೀರಲ್ಲಿ ನೆನೆದು ಬೆಳ್ಳಗೆ ಪಿಚಪಿಚ ಆಗಿರುತ್ತದೆ. ಹಿಂದಿನ ರಾತ್ರಿಯೇ ಸುಲಿದು, ಕಲ್ಲುಪ್ಪು ಹಾಕಿ ಕಲಸಿ, ಪೇಪರಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಗಟ್ಟಿ ಆಗುತ್ತದೆ. ಇಲ್ಲವೇ ಅಲ್ಲಿಯೇ ದಡದಲ್ಲಿ ತಾಜಾ ಚಟ್ಲಿ (ಸಿಗಡಿ) ಕೊಳ್ಳಿ, ಅದಕ್ಕೆ ಸಮ ಯಾವುದೂ ಇಲ್ಲ. ಗಾಳಕ್ಕೆ ಹಾಕಿದ ಮೇಲೆ ಹೊಲಿಗೆ ದಾರದಲ್ಲಿ ನಾಲ್ಕು ಸುತ್ತು ಸುತ್ತಿದರೂ ನಿಲ್ಲುತ್ತದೆ.

ಎರೆಹುಳ ಒಯ್ಯಬೇಡಿ. ನಾನು ತೋಟದಿಂದ ಒಂದು ಡಬ್ಬಿ ತುಂಬ ಒಯ್ದಿದ್ದೆ. ಉಪ್ಪುನೀರಿಗೆ ಬಿದ್ದ ಕೂಡಲೇ ಅವು ಸತ್ತು ಸೊರಗಿ ನೂಲಿನಂತಾದವು. ಪಕ್ಕದಲ್ಲಿ ಬೀಸುಬಲೆ ಒಗೆಯುತ್ತಿದ್ದ ಹಿರಿಯರೊಬ್ಬರು ಡಬ್ಬಿ ಇಣುಕಿ ನೋಡಿ, "ಇದನ್ನ ತೋಟಕ್ಕೇ ಬಿಡಿ, ಪುಣ್ಯ ಬರ್ತದೆ" ಅಂದರು.

ಏಡಿಯದು ಬೇರೆ ಗುರುತು. ರಾಡ್ ತುದಿ ಬಗ್ಗುವುದಿಲ್ಲ, ಯಾರೋ ಉಗುರಲ್ಲಿ ಕೆರೆದ ಹಾಗೆ ಕರಕರ ಅನ್ನಿಸುತ್ತದೆ. ಲೀಡರ್ ಮೇಲೆ ಬೆರಳು ಓಡಿಸಿದರೆ ಗೀರು ಸಿಗುತ್ತವೆ. ಉಪಾಯ ಒಂದೇ, ಮೇವನ್ನು ಒಂದೇ ಕಡೆ ಬಿಡಬಾರದು. ಅರ್ಧ ನಿಮಿಷಕ್ಕೊಮ್ಮೆ ಒಂದು ಗೇಣು ಎಳೆಯುತ್ತಿರಿ. ಗಾಳದ ಹತ್ತಿರ ತೇಲುವ ಸಣ್ಣ ಥರ್ಮಾಕೋಲ್ ಮಣಿ ಹಾಕಿದರೆ ಮೇವು ನೆಲದಿಂದ ಒಂದಿಷ್ಟು ಎದ್ದು ನಿಲ್ಲುತ್ತದೆ. ಏಡಿಗೆ ಎಟುಕುವುದು ಕಷ್ಟ, ಮೇಲೆ ನೋಡುತ್ತಿರುವ ಮೀನಿಗೆ ಸುಲಭ.

ದಾರ ತುಂಡಾಯಿತು

ಹೋದ ಗಾಳಕ್ಕೆ ಅಳುವ ಮೊದಲು ಉಳಿದ ತುದಿಯನ್ನು ನೋಡಿ. ಅದು ಎಲ್ಲವನ್ನೂ ಹೇಳುತ್ತದೆ.

ತುದಿ ಹಂದಿಬಾಲದ ಹಾಗೆ ಸುರುಳಿ ಆಗಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿದೆ. ಗಂಟು ಬಿಗಿಯುವ ಮೊದಲು ಎಂಜಲಲ್ಲಿ ಒದ್ದೆ ಮಾಡಲಿಲ್ಲ, ಅಥವಾ ಸುತ್ತು ಕಡಿಮೆ. ಬ್ರೇಡ್ ನುಣುಪು, ಅದಕ್ಕೆ ನೈಲಾನಿಗಿಂತ ಜಾಸ್ತಿ ಸುತ್ತು ಬೇಕು. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೀಟಾಗಿ ಇದ್ದರೆ ಹಲ್ಲು. ಅಳಿವೆಯಲ್ಲಿ ಹೊಟ್ಟೆ ಊದಿಸುವ ಮೀನು ಇರುತ್ತದಲ್ಲ, ಅದರ ಗಿಳಿಕೊಕ್ಕಿನಂಥ ಹಲ್ಲಿಗೆ ಯಾವ ಲೀಡರ್ ಕೂಡ ಲೆಕ್ಕಕ್ಕಿಲ್ಲ. ಎರಡು ಸಲ ಹಾಗಾದರೆ ಜಾಗ ಬಿಡಿ. ಅದು ಸಿಕ್ಕರೂ ತಿನ್ನುವುದಲ್ಲ, ವಿಷ. ತುದಿ ಜುಂಜುರು ಜುಂಜುರಾಗಿ, ಮುಟ್ಟಿದರೆ ಒರಟಾಗಿದ್ದರೆ ಕಲ್ಲಿಗೋ ಸಿಂಪಿಗೋ ಉಜ್ಜಿದೆ. ಒರಟು ಇರುವಷ್ಟನ್ನೂ ಕತ್ತರಿಸಿ ಹೊಸ ಗಂಟು ಹಾಕಿ. ಒಂದು ಅಡಿ ದಾರ ಉಳಿಸಲು ಹೋಗಿ ನಾನು ಒಂದೇ ದಿನ ಮೂರು ಜೋಡಣೆ ಕಳೆದುಕೊಂಡಿದ್ದೇನೆ.

ದಾರ ಸುರುಳಿ ಸುರುಳಿಯಾಗಿ ಗೋಜಲು ಬೀಳುತ್ತಿದ್ದರೆ ಮೇವು ನೀರಲ್ಲಿ ಪಂಖದ ಹಾಗೆ ತಿರುಗುತ್ತಿದೆ. ಸಿಗಡಿಯನ್ನು ನೇರವಾಗಿ ಪೋಣಿಸಿ. ತುಕ್ಕು ಹಿಡಿದ ಸ್ವಿವೆಲ್ ಇದ್ದರೆ ಎಸೆಯಿರಿ. ಎಸೆದ ಮೇಲೆ ರೀಲಿನ ತಂತಿಕಮಾನನ್ನು (ದಾರವನ್ನು ರೀಲಿಗೆ ಸುತ್ತಿಸುವ ಬಾಗಿದ ತಂತಿ) ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಿಂದ ಮುಚ್ಚಿ.

ದಡದ ಹತ್ತಿರ ಬಂದು ತಪ್ಪಿತು

ಚಪ್ಪಟೆ ಮೀನನ್ನು ನೀರಿಂದ ಮೇಲೆತ್ತಬಾರದು. ತಟ್ಟೆಯಂಥ ಮೈ, ಗಾಳಿಗೆ ಬಂದ ಕೂಡಲೇ ಒದರುತ್ತದೆ, ಗಾಳ ಕಳಚುತ್ತದೆ. ರಾಡ್ ತಗ್ಗಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತಾ, ಬರುವ ತೆರೆಯ ಜೊತೆಗೇ ಮರಳ ಮೇಲೆ ಜಾರಿಸಿ ತನ್ನಿ. ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡುವ ಬಿರಿ, ತೀರಾ ಬಿಗಿ ಇದ್ದರೂ ಇದೇ ಕಥೆ. ಕೈಯಲ್ಲಿ ಎಳೆದರೆ ದಾರ ತಡೆತಡೆದು ಬರದೆ ಒಂದೇ ಸಮ ಬರಬೇಕು.

ಮನೆಗೆ ಬಂದ ಮೇಲೆ ಬರುವ ರೋಗ

ಇದು ಅಪ್ಪಟ ಮಲೆನಾಡಿನ ದೋಷ. ಕಡಲಿಂದ ಉಪ್ಪು ತರುತ್ತೇವೆ, ಉಳಿದದ್ದನ್ನು ನಮ್ಮ ಮಳೆಗಾಲ ಮಾಡುತ್ತದೆ. ಗೋಡೆಗೆ ಒರಗಿಸಿಟ್ಟ ರಾಡಿನ ಕಾರ್ಕ್ ಹಿಡಿಕೆಗೆ ಬೂಷ್ಟು. ಸೆಪ್ಟೆಂಬರ್ ಕೊನೆಯಲ್ಲಿ ರೀಲ್ ತಿರುಗಿಸಿದರೆ ಬೀಸುಕಲ್ಲಿನ ಸದ್ದು.

ಬಂದ ದಿನವೇ ರೀಲಿನ ಡ್ರ್ಯಾಗ್ ಬಿಗಿ ಮಾಡಿ, ಚೊಂಬಿನಿಂದ ಸಿಹಿನೀರನ್ನು ಮೆಲ್ಲಗೆ ಮೇಲೆ ಸುರಿಯಿರಿ. ಪೈಪಿನಿಂದ ಜೋರಾಗಿ ಬಿಡಬೇಡಿ, ಉಪ್ಪು ಒಳಗೆ ನುಗ್ಗುತ್ತದೆ. ಒರೆಸಿ ನೆರಳಲ್ಲಿ ಒಣಗಿಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ. ತಿರುಗಿಸಿದಾಗ ಕರಕರ ಸದ್ದು ಆಗಲೇ ಇದ್ದರೆ ಎಣ್ಣೆ ಬಿಟ್ಟು ಮುಚ್ಚಿಡುವುದು ಮೋಸ. ಬಿಚ್ಚಿ, ಹಳೇ ಗ್ರೀಸ್ ಒರೆಸಿ, ಬೇರಿಂಗ್ ನೋಡಲೇಬೇಕು.

ಬಳಸಿದ ಗಾಳವನ್ನು ಹೊಸ ಗಾಳಗಳ ಡಬ್ಬಿಗೆ ವಾಪಸ್ ಹಾಕಲೇಬೇಡಿ. ಒಂದು ಒದ್ದೆ ಗಾಳ ಸಾಕು, ಇಡೀ ಡಬ್ಬಿ ಕೆಂಪಾಗುತ್ತದೆ. ನಾನು ಅವನ್ನು ಬೇರೆ ಡಬ್ಬಿಯಲ್ಲಿ ಹುರಿದ ಅಕ್ಕಿಯ ಜೊತೆ ಇಡುತ್ತೇನೆ, ತೇವ ಎಳೆದುಕೊಳ್ಳುತ್ತದೆ. ಜೂನ್ ಬಂತೆಂದರೆ ಡಬ್ಬಿಗಳು ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತವೆ, ವಾಟೆಹುಳಿಯ ಪಕ್ಕಕ್ಕೆ. ರೀಲನ್ನು ಮಾತ್ರ ಅಲ್ಲಿ ಇಡಬೇಡಿ. ಒಂದು ವರ್ಷ ಇಟ್ಟಿದ್ದೆ. ಬ್ರೇಡ್ ಕಪ್ಪಾಗಿ, ಗ್ರೀಸ್ ಕರಗಿ ಕೆಳಗಿದ್ದ ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಇಳಿದಿತ್ತು. ಅದು ಮೊದಲು ಕಂಡಿದ್ದು ನನಗಲ್ಲ, ಅಮ್ಮನಿಗೆ.